ಸಣ್ಣ ಪಿಸ್ತೂಲು ನಿಮ್ಮ ಕೈಗೆ ಒಗ್ಗುತ್ತಾ? ಹೀಗೆ ಪರೀಕ್ಷೆ ಮಾಡಿ

ಸಬ್‌ಕಾಂಪ್ಯಾಕ್ಟ್ ಪಿಸ್ತೂಲು, ಅಂದ್ರೆ ತೀರಾ ಸಣ್ಣ ಗಾತ್ರದ್ದು, ಕೈಗೆತ್ಕೊಂಡ ತಕ್ಷಣ ಆಹಾ ಎಷ್ಟು ಹಗುರ ಅನ್ಸತ್ತೆ, ಅಲ್ಲೇ ಎಷ್ಟೋ ಜನ ಮೋಸ ಹೋಗೋದು. ಗುಂಡು ಅದೇ 9 ಎಂಎಂ, ಗನ್ನಿನ ತೂಕ ಮಾತ್ರ ಕಮ್ಮಿ ಆಯ್ತು ಅಂದ್ರೆ ಒದೆತ ಎಲ್ಲಿಗೆ ಹೋಗತ್ತೆ ಹೇಳಿ, ನಿಮ್ಮ ಅಂಗೈಗೇ ಬರತ್ತೆ. ಸಣ್ಣ ಕೈ ಇರೋರಿಗೆ, ಹೊಸಬರಿಗೆ ಸಣ್ಣ ಗನ್ನೇ ಸುಲಭ ಅನ್ನೋದನ್ನ ನಾನಂತೂ ಒಪ್ಪಲ್ಲ.

ಮೊದಲು ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ತೆಗೀರಿ, ಸ್ಲೈಡ್ (ಮೇಲೆ ಹಿಂದೆಮುಂದೆ ಸರಿಯೋ ಭಾಗ) ಹಿಂದಕ್ಕೆಳೆದು ಚೇಂಬರ್ (ಗುಂಡು ಕೂರೋ ಜಾಗ) ಖಾಲಿ ಇದೆಯಾ ಕಣ್ಣಲ್ಲೂ ನೋಡಿ, ಬೆರಳು ಹಾಕಿನೂ ನೋಡಿ. ಖಾಲಿ ಅಂತ ಗೊತ್ತಾದ್ಮೇಲೂ ಗನ್ನಿನ ಬಾಯಿ ಯಾರ ಕಡೆಗೂ ತಿರುಗಬಾರ್ದು.

ಈಗ ಖಾಲಿ ಮ್ಯಾಗಜೀನ್ ವಾಪಸ್ ಹಾಕಿ ಹಿಡೀರಿ. ಕಿರುಬೆರಳು ಎಲ್ಲಿ ಕೂತಿದೆ? ಗ್ಲಾಕ್ 26ರಂಥ ಗಿಡ್ಡ ಹಿಡಿಯಲ್ಲಿ ಅದಕ್ಕೆ ಜಾಗವೇ ಇರಲ್ಲ, ಕೆಳಗೆ ನೇತಾಡತ್ತೆ, ಮ್ಯಾಗಜೀನ್ ತಳಕ್ಕೆ ಎಕ್ಸ್‌ಟೆನ್ಷನ್ ಹಾಕಿದ್ರೆ ಹಿಡಿತವೇ ಬದಲಾಗತ್ತೆ, ಎರಡೂ ಥರ ಹಿಡಿದು ನೋಡಿ. ಹೆಬ್ಬೆರಳಿನ ಸಂದು ಮೇಲಕ್ಕೆ ಏರಿ ಸ್ಲೈಡಿಗೆ ತಾಗತ್ತಾ ಅದನ್ನೂ ನೋಡ್ಕೊಳ್ಳಿ, ನನಗೆ ಒಂದ್ಸಲ ಅಲ್ಲಿ ಚರ್ಮ ಸುಲಿದು ವಾರ ಉರಿದಿತ್ತು.

ಸ್ಲೈಡನ್ನ ಐದು ಸಲ ಎಳೀರಿ. ಸ್ಲೈಡ್ ಹಗುರ ಇರೋದ್ರಿಂದ ಸಾಮಾನ್ಯವಾಗಿ ಸ್ಪ್ರಿಂಗ್ ಗಟ್ಟಿ ಹಾಕಿರ್ತಾರೆ, ಮೂರನೇ ಸಲಕ್ಕೇ ಬೆರಳು ಜಾರಿದ್ರೆ ಬೆವರಿದ ಕೈಯಲ್ಲಿ ಇನ್ನೂ ಕಷ್ಟ. ಆಮೇಲೆ ಡಮ್ಮಿ ರೌಂಡ್ (ಸಿಡಿಯದ ನಕಲಿ ಗುಂಡು) ಹಾಕಿ ಟ್ರಿಗರ್ ಒತ್ತಿ, ಮುಂದಿನ ಸೈಟ್ (ಗುರಿ ನೋಡೋ ಕಡ್ಡಿ) ಅಲ್ಲಾಡ್ದೆ ಇರ್ಬೇಕು.

.380, ಅಂದ್ರೆ 9 ಎಂಎಂಗಿಂತ ಕಮ್ಮಿ ಶಕ್ತಿಯ ಗುಂಡಿನ ಗನ್, ತಗೊಂಡ್ರೆ ಒದೆತ ಮೆತ್ತಗಿರತ್ತೆ ಅಂತಾರಲ್ಲ, ಯಾವಾಗ್ಲೂ ಹಾಗಲ್ಲ. .380 ಹೊಡಿಯೋ ವಾಲ್ಥರ್ ಪಿಪಿಕೆ ಬ್ಲೋಬ್ಯಾಕ್, ಅಂದ್ರೆ ಬ್ಯಾರೆಲ್ಲಿಗೂ ಸ್ಲೈಡಿಗೂ ಲಾಕ್ ಇಲ್ಲ, ಬರೀ ಸ್ಲೈಡಿನ ತೂಕ ಮತ್ತೆ ಸ್ಪ್ರಿಂಗೇ ಎಲ್ಲಾ ತಡೀಬೇಕು, ಅದಕ್ಕೇ ಗಾತ್ರ ನೋಡಿದ್ರೆ ನಂಬೋಕಾಗದಷ್ಟು ಚುರುಕಾಗಿ ಕೈಗೆ ಒದಿಯತ್ತೆ. ಅದೇ .380ರ, ಸುಮಾರು 270 ಗ್ರಾಂನ ರೂಗರ್ ಎಲ್‌ಸಿಪಿಗೆ ಲಾಕ್ ಇದೆ, ಆದ್ರೆ ಒದೆತ ತಡಿಯೋಕೆ ತೂಕವೇ ಇಲ್ಲ. 2018ರಲ್ಲಿ ಬಂದ ಸಿಗ್ ಪಿ365 ಸುಮಾರು 500 ಗ್ರಾಂ, 9 ಎಂಎಂ ಆದ್ರೂ ಎಲ್‌ಸಿಪಿಗಿಂತ ಅದೇ ಆರಾಮ ಅನ್ನೋರು ತುಂಬಾ ಜನ.

ಇನ್ನು ರೇಂಜ್. ಕಿವಿಗೆ ಕಣ್ಣಿಗೆ ರಕ್ಷಣೆ ಹಾಕ್ಕೊಂಡು, 7 ಮೀಟರ್‌ನಿಂದ ನಿಧಾನಕ್ಕೆ ಶುರು ಮಾಡಿ, ಪ್ರತಿ ಗುಂಡಾದ್ಮೇಲೆ ಹಿಡಿತ ಸರಿ ಮಾಡ್ಕೋಬೇಕಾಗತ್ತಾ ಗಮನಿಸಿ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ, ಯಾಕಂದ್ರೆ ಎರಡನೇ ಗುಂಡು ಬೇಗ ಹೋಗ್ಬೇಕಾದಾಗ ಗನ್ ಕೈಯಲ್ಲಿ ತಿರುಗಿದ್ರೆ ಮುಗೀತು. 115 ಗ್ರೇನ್, 147 ಗ್ರೇನ್ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ಎರಡೂ ಹೊಡೆದು ನೋಡಿ, ಕೈಗೆ ಬೇರೆಬೇರೆ ಥರ ಗೊತ್ತಾಗತ್ತೆ. ಮಣಿಕಟ್ಟು ಸಡಿಲ ಬಿಟ್ರೆ ಸಣ್ಣ ಗನ್ನು ಜಾಮ್ ಆಗಿ ಸಿಕ್ಕಾಕೊಳ್ಳೋದೂ ಉಂಟು.

ಹತ್ತು ಗುಂಡಿಗೆ ನಿಲ್ಲಿಸ್ಬೇಡಿ, ಐವತ್ತು ಹೊಡೀರಿ. ಕೊನೇ ಹತ್ತಕ್ಕೆ ಹೊಸ ಟಾರ್ಗೆಟ್ ಹಾಕಿ ಮೊದಲಿನ ಹತ್ತರ ಪಕ್ಕ ಇಟ್ಟು ನೋಡಿ, ಬಲಗೈಯವರಿಗೆ ತೂತುಗಳು ಕೆಳಗೆ ಎಡಕ್ಕೆ ಜಾರಿದ್ರೆ ಬಹುಮಟ್ಟಿಗೆ ಕೈ ಒದೆತಕ್ಕೆ ಹೆದರಿ ಮೊದಲೇ ಬಗ್ತಾ ಇದೆ ಅಂತ.