ರೋಸಾ ಬೊನರ್ ಎತ್ತುಗಳನ್ನು ನಕಲು ಮಾಡಲು ಹೋಗಿ

ನಾನು ಬಿಡಿಸಿದ ಎತ್ತುಗಳು ಯಾವಾಗಲೂ ಗಾಳಿ ತುಂಬಿದ ಬಲೂನಿನ ಹಾಗೆ ಕಾಣುತ್ತಿದ್ದವು. ಕೊಂಬು ಸರಿ, ಕಣ್ಣು ಸರಿ, ಬಣ್ಣವೂ ಸರಿ. ಆದರೆ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಎಲ್ಲವನ್ನೂ ಫೋಟೊ ನೋಡಿ ಬಿಡಿಸುವ ಅಭ್ಯಾಸ ನನ್ನದು, ಅಲ್ಲೇ ಎಡವಟ್ಟು ಇತ್ತು.

ಕೊನೆಗೆ, ಬೇರೆ ಏನೂ ಬೇಡ, ಒಂದೇ ಒಂದು ಒಳ್ಳೆಯ ಚಿತ್ರವನ್ನು ನಕಲು ಮಾಡೋಣ ಅಂತ ಕೂತೆ. ಆರಿಸಿಕೊಂಡಿದ್ದು ಫ್ರಾನ್ಸಿನ ರೋಸಾ ಬೊನರ್ ಅವರ 1849ರ ಚಿತ್ರ, ನಿವೆರ್ನೆ ಸೀಮೆಯ ಉಳುಮೆ. ಮೂಲ ಈಗ ಪ್ಯಾರಿಸ್ಸಿನ ಒರ್ಸೇ ಮ್ಯೂಸಿಯಂನಲ್ಲಿದೆ, ಸುಮಾರು ಎಂಟೂವರೆ ಅಡಿ ಅಗಲ. ನನ್ನದು ಲ್ಯಾಪ್‌ಟಾಪ್ ಪರದೆ ನೋಡಿ, ಚೌಕ ಹಾಕಿಕೊಂಡು ಮಾಡಿದ ಮೂರಡಿ ಕ್ಯಾನ್ವಾಸು. ಆರಾರು ಎತ್ತುಗಳ ಎರಡು ತಂಡ, ಬಿಸಿಲು, ಹಿಂದೆ ಗುಡ್ಡ. ಉಳುವವರು ಎತ್ತುಗಳ ಹಿಂದೆ ಹೆಚ್ಚುಕಡಿಮೆ ಮರೆ.

ಎಲ್ಲರ ಹಾಗೆ ನಾನೂ ಮುಖದಿಂದ ಶುರು ಮಾಡಿದೆ. ಎರಡು ವಾರ ದಂಡ. ಮತ್ತೆ ಬಲೂನೇ! ಬೇಜಾರಾಗಿ ಎತ್ತು ಬಿಟ್ಟು ಮಣ್ಣಿಗೆ ಇಳಿದೆ. ಆಗ ಗೊತ್ತಾಯಿತು. ಆ ಚಿತ್ರದಲ್ಲಿ ನಮಗೆ ತೀರಾ ಹತ್ತಿರ ಇರುವುದು ಎತ್ತಲ್ಲ, ಆಗಷ್ಟೇ ಉತ್ತ ಸಾಲು. ಮಗುಚಿ ಬಿದ್ದ ಹೆಂಟೆಗಳು, ಬೇರು ಸಮೇತ ಎದ್ದ ಹುಲ್ಲು. ಗೊರಸನ್ನು ಪೂರ್ತಿ ತೋರಿಸಬಾರದು, ಅದು ಮಣ್ಣಲ್ಲಿ ಸ್ವಲ್ಪ ಹೂತಿರಬೇಕು. ನಾನು ಇಷ್ಟು ವರ್ಷ ಗೊರಸನ್ನು ಪಾಲಿಶ್ ಮಾಡಿದ ಬೂಟಿನ ಹಾಗೆ ನೆಲದ ಮೇಲೆ ಇಡುತ್ತಿದ್ದೆ. ಮಣ್ಣಿಗೇ ಮೂರು ವಾರ ಹಿಡಿಯಿತು. ಅದಾದ ಮೇಲೆ ಎತ್ತು ತಾನಾಗಿ ಭಾರ ಆಯಿತು.

ಆದರೂ ಮುಂಗಾಲು ಒಪ್ಪುತ್ತಿರಲಿಲ್ಲ. ರೋಸಾ ಇದಕ್ಕಾಗಿ ಪ್ಯಾರಿಸ್ಸಿನ ಕಸಾಯಿಖಾನೆಗಳಿಗೆ ಹೋಗಿ ಎಲುಬು, ಮಾಂಸಖಂಡ ನೋಡಿ ಕಲಿತವರು. ನನಗೆ ಅಷ್ಟು ಗಟ್ಟಿ ಹೊಟ್ಟೆ ಇಲ್ಲ. ಪಶುವೈದ್ಯ ಓದುತ್ತಿರುವ ನೆಂಟರ ಹುಡುಗನ ಪುಸ್ತಕ ತೆಗೆದುಕೊಂಡೆ. ಎತ್ತಿಗೆ ನಮ್ಮ ಹಾಗೆ ಕೊರಳೆಲುಬು, ಅಂದರೆ ಹೆಗಲನ್ನು ಎದೆಗೂಡಿಗೆ ಜೋಡಿಸುವ ಎಲುಬು, ಇಲ್ಲವಂತೆ. ಎರಡು ಹೆಗಲ ಹಲಗೆಗಳ ನಡುವೆ ಇಡೀ ಎದೆ, ತೊಟ್ಟಿಲಿನ ಹಾಗೆ, ಮಾಂಸಖಂಡಗಳಲ್ಲಿ ತೂಗುತ್ತದೆ. ನಾವು ಮುಂಗಾಲಿನ ಮೊಣಕಾಲು ಅನ್ನುವುದು ನಿಜವಾಗಿ ಅದರ ಮಣಿಕಟ್ಟು. ಇದು ತಿಳಿದ ದಿನ ಹಳೆಯ ಸ್ಕೆಚ್ ಪುಸ್ತಕ ತೆರೆದು ಒಬ್ಬಳೇ ನಕ್ಕೆ.

ರೋಸಾ ಅವರ ಬದುಕೇ ಒಂದು ಕಥೆ. ಹುಟ್ಟಿದ್ದು 1822ರಲ್ಲಿ, ಬೋರ್ಡೋ ಊರಿನಲ್ಲಿ. ಅಪ್ಪ ಚಿತ್ರಕಾರ, ಕಲಿಸಿದ್ದೂ ಅವರೇ. ಓದು ಹತ್ತದ ಮಗಳಿಗೆ ಅಮ್ಮ ಒಂದೊಂದು ಅಕ್ಷರಕ್ಕೆ ಒಂದೊಂದು ಪ್ರಾಣಿ ಬಿಡಿಸಲು ಹೇಳಿ ಅಕ್ಷರ ಕಲಿಸಿದರಂತೆ. ಕುದುರೆ ಸಂತೆಯಲ್ಲಿ ಲಂಗ ಉಟ್ಟು ನಿಂತರೆ ಗಂಡಸರ ಕಾಟ, ಕೆಲಸ ಸಾಗದು. ಹೆಂಗಸರು ಪ್ಯಾಂಟು ಹಾಕಲು ಆಗ ಪೊಲೀಸರ ಪರವಾನಗಿ ಬೇಕಿತ್ತು. ಅದನ್ನೂ ತೆಗೆದುಕೊಂಡರು. ಆ ಸಂತೆಯಿಂದ ಬಂದ ಕುದುರೆಗಳ ಚಿತ್ರ ಹದಿನಾರು ಅಡಿಗೂ ಜಾಸ್ತಿ ಅಗಲ ಇದೆ. 1853ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಗಿ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಸ್ವಲ್ಪ ಸರ್ಕಸ್ ಅನ್ನಿಸುತ್ತದೆ, ನನಗೆ ಎತ್ತುಗಳೇ ಸಾಕು.

1865ರಲ್ಲಿ ಅವರಿಗೆ ಫ್ರಾನ್ಸಿನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಬಂತು. ಕಲಾವಿದೆಯೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಫ್ರಾನ್ಸಿನ ಸಾಮ್ರಾಜ್ಞಿ ಯುಜೆನಿ ಖುದ್ದಾಗಿ ಮನೆಗೆ ಬಂದು ಕೊಟ್ಟರು. ಫಾಂಟೆನ್‌ಬ್ಲೋ ಕಾಡಿನ ಪಕ್ಕದ ಆ ಮನೆಯಲ್ಲಿ ಸಿಂಹಗಳನ್ನೂ ಸಾಕಿದ್ದರು. 1899ರಲ್ಲಿ ತೀರಿಕೊಂಡರು. ಆಮೇಲೆ ಕಾಲದ ರುಚಿ ಬದಲಾಯಿತು. ಬೆಳಕು, ಬಣ್ಣವನ್ನು ಬಿಡಿಬಿಡಿ ಕುಂಚದಲ್ಲಿ ಹಿಡಿದ ಇಂಪ್ರೆಷನಿಸ್ಟ್ ಚಿತ್ರಕಾರರ ಗದ್ದಲದಲ್ಲಿ ಇವರ ಹೆಸರು ಹಿಂದೆ ಬಿತ್ತು. 2022ರಲ್ಲಿ, ಹುಟ್ಟಿ ಇನ್ನೂರು ವರ್ಷವಾದಾಗ, ಬೋರ್ಡೋದಲ್ಲೂ ಒರ್ಸೇಯಲ್ಲೂ ದೊಡ್ಡ ಪ್ರದರ್ಶನ ಆಯಿತು.

ನಕಲು ಮುಗಿದ ಮೇಲೆ ಸ್ವಂತದ್ದು ಮಾಡಿದೆ. ಹಳ್ಳಿಕಾರ್ ಜೋಡಿ, ರೋಸಾ ಕಲಿಸಿದ ಭಾರ, ಮಣ್ಣು, ಎಲ್ಲ ಹಾಕಿ. ಅದನ್ನು ಹಿಡಿದುಕೊಂಡು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದೆ, ಇನ್ನಷ್ಟು ಸ್ಕೆಚ್ ಮಾಡೋಣ ಅಂತ. ಜೋಡಿ ಮಾರಲು ಬಂದಿದ್ದ ಅಜ್ಜ ಒಬ್ಬರು ಚಿತ್ರವನ್ನು ದೂರ ಹಿಡಿದು ನೋಡಿದರು.

"ಚೆನ್ನಾಗೈತೆ ಕಣಮ್ಮ. ಆದ್ರೆ ಈ ಎತ್ತು ತಲೇಲಿ ಎಳೀತದಲ್ಲ?"

ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಎರಡೂ ಚಿತ್ರ ಪಕ್ಕಪಕ್ಕ ಇಟ್ಟೆ. ಅಜ್ಜ ಹೇಳಿದ್ದು ಸರಿ. ಫ್ರಾನ್ಸಿನ ಆ ಎತ್ತುಗಳಿಗೆ ನೊಗವನ್ನು ಕೊಂಬಿಗೆ ಬಿಗಿದು ಕಟ್ಟುತ್ತಾರೆ. ಅವು ತಲೆ ತಗ್ಗಿಸಿ ಎಳೆಯುತ್ತವೆ. ಅವಕ್ಕೆ ಡುಬ್ಬವೇ ಇಲ್ಲ. ನಮ್ಮ ಎತ್ತಿಗೆ ನೊಗ ಕೂರುವುದು ಕತ್ತಿನ ಮೇಲೆ, ಡುಬ್ಬದ ಮುಂದೆ. ತಲೆಗೆ ಏನೂ ಕಟ್ಟಿಲ್ಲ, ಅದು ಆಡಿಕೊಂಡಿರುತ್ತದೆ. ನಾನು ನಿವೆರ್ನೆ ಎತ್ತಿಗೇ ಸುಮ್ನೆ ಡುಬ್ಬ ಅಂಟಿಸಿದ್ದೆ!

ಮಾರನೇ ದಿನ ಮತ್ತೆ ಜಾತ್ರೆಗೆ ಹೋದೆ. ಅಜ್ಜ ಇನ್ನೂ ಇದ್ದರು, ಜೋಡಿ ಮಾರಿರಲಿಲ್ಲ. ಚಿತ್ರ ತರಲಿಲ್ಲವಾ ಅಂತ ಕೇಳಿದರು. ಇಲ್ಲ ಅಂದೆ. ಎತ್ತಿನ ಕತ್ತಿನ ಮೇಲೆ ನೊಗ ಉಜ್ಜಿ ಜಡ್ಡುಗಟ್ಟಿದ ಜಾಗಕ್ಕೆ ನನ್ನ ಕೈ ಎಳೆದು ಇಟ್ಟರು. ಟೈರಿನಷ್ಟು ಗಟ್ಟಿ ಇತ್ತು. ಮಧ್ಯಾಹ್ನದವರೆಗೆ ಅದೊಂದನ್ನೇ ಬಿಡಿಸಿದೆ.