ಹಾಳುಬಾವಿಗೆ ಮಣ್ಣು ತುಂಬಬೇಡಿ, ಕಟ್ಟೆ ಕಟ್ಟಿ

ಬೋರ್‌ವೆಲ್ ಬಂದ ಮೇಲೆ ನಮ್ಮ ಕೊರಟಗೆರೆ ಸೀಮೆಯಲ್ಲಿ ಹಿಂದೆ ಎತ್ತು ಹೂಡಿ ನೀರೆತ್ತುತ್ತಿದ್ದ ಕಪಿಲೆ ಬಾವಿಗಳನ್ನು ಕೇಳುವವರಿಲ್ಲ. ಸುತ್ತ ಲಂಟಾನ ಹಬ್ಬಿ, ಬಾವಿಯ ಬಾಯಿ ಎಲ್ಲಿದೆ ಅಂತ ಹಗಲಲ್ಲೇ ಕಾಣುವುದಿಲ್ಲ. ಇನ್ನು ರಾತ್ರಿ ಬೆಟ್ಟ ಇಳಿದು ಬರುವ ಕರಡಿ, ಚಿರತೆ, ನರಿಗೆ ಕಾಣುವುದಾದರೂ ಹೇಗೆ? ಜೆಸಿಬಿ ಕರೆಸಿ ಮುಚ್ಚಿಸಿಬಿಡಿ ಅನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ನಮ್ಮ ಮಾವನವರ ಕಾಲದ ಬಾವಿಗೆ ಬಾಗಿದ ಈಚಲು ಮರವೊಂದಿದೆ. ಮುಂಗಾರು ಹಿಡಿದರೆ ಅದರ ತುಂಬ ಗೀಜಗನ ಗೂಡು. ಗಂಡುಹಕ್ಕಿ ನಮ್ಮ ತೆಂಗಿನ ಗರಿಯನ್ನೇ ಎಳೆಎಳೆಯಾಗಿ ಸೀಳಿಕೊಂಡು ಹೋಗಿ ನೇಯುತ್ತದೆ, ಗೂಡಿನ ಒಳಗೋಡೆಗೆ ಹಸಿಮಣ್ಣು ಮೆತ್ತುತ್ತದೆ. ಕೆಳಗೆ ಆಳ ಇರುವುದರಿಂದ ಅಲ್ಲಿಗೆ ಬೆಕ್ಕು ಹೋಗದು. ಬಾವಿಯ ಕಲ್ಲುಸಂದಿಯಲ್ಲಿ ಗೂಬೆ, ಗೊರವಂಕ, ಪಾರಿವಾಳ ಇವೆ. ಇಷ್ಟು ಜೀವಗಳ ಮನೆಯನ್ನು ಮಣ್ಣು ಮಾಡುವ ಬದಲು ಅಪಾಯವನ್ನಷ್ಟೇ ತೆಗೆಯಬಹುದು.

ಮೊದಲ ಕೆಲಸ ಗುದ್ದಲಿಯದಲ್ಲ, ಮಾತಿನದು. ಹಳೆ ಬಾವಿಗಳು ಒಬ್ಬರ ಹೆಸರಲ್ಲಿರುವುದು ಕಡಿಮೆ. ಪಾಲುಪತ್ರದಲ್ಲಿ "ಬಾವಿಯಲ್ಲಿ ಕಾಲು ಪಾಲು" ಅಂತ ಬರೆದಿರುತ್ತಾರೆ. ಆಮೇಲೆ ನಾಲ್ಕು ಮನೆಯವರೂ ಅದು ಇನ್ನೊಬ್ಬರ ಕೆಲಸ ಅಂದುಕೊಳ್ಳುತ್ತಾರೆ. ದಾಯಾದಿಗಳ ನಡುವೆ ಮಾತುಕತೆ ನಿಂತಿದ್ದರೆ ಒಬ್ಬೊಬ್ಬರ ಮನೆಗೆ ಹೋಗಬೇಡಿ, ಎಲ್ಲರೂ ಸೇರಿರುವ ಹಬ್ಬದಲ್ಲೋ ಅರಳಿಕಟ್ಟೆಯಲ್ಲೋ ಎತ್ತಿ. ಕರಡಿ ವಿಷಯ ಆಮೇಲೆ ಬರಲಿ. "ಅಣ್ಣ, ನಿಮ್ಮ ಮೊಮ್ಮಕ್ಕಳು ಅಲ್ಲೇ ಕುರಿ ಮೇಯಿಸುತ್ತವೆ" ಅಂದರೆ ಸಾಕು, ಕಿವಿ ಕೊಡುತ್ತಾರೆ.

ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಕೆಲಸ ಮುಗಿಸಿ. ಆಗ ರಾಗಿ, ಕಡಲೆಕಾಯಿ ಮನೆಗೆ ಬಂದಿರುತ್ತದೆ, ನೆಲ ಒಣಗಿರುತ್ತದೆ, ಗೀಜಗನ ಗೂಡೂ ಖಾಲಿ. ಲಂಟಾನಕ್ಕೆ ಕೈ ಹಾಕುವ ಮೊದಲು ಉದ್ದನೆ ಕೋಲಲ್ಲಿ ಬಡಿದು, ಹಾವಿದ್ದರೆ ಸರಿದುಹೋಗಲು ಬಿಡಿ. ಹೊರಗಿನಿಂದ ಒಳಕ್ಕೆ ಕಡಿಯುತ್ತಾ ಬನ್ನಿ. ದಡದ ಕಲ್ಲುಗಳು ಸಡಿಲ ಆಗಿರುತ್ತವೆ, ಆದ್ದರಿಂದ ಅಂಚಿನಲ್ಲಿ ಕೆಲಸ ಮಾಡುವವರ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮರಕ್ಕೆ ಬಿಗಿಯಿರಿ. ಲಂಟಾನವನ್ನು ಬುಡ ಸಮೇತ ಕೀಳಬೇಕು, ಕಡಿದಷ್ಟೇ ಬಿಟ್ಟರೆ ಮಳೆಗೆ ಮತ್ತೆ ಚಿಗುರುತ್ತದೆ. ಈಚಲು, ಹೊಂಗೆ ಮುಟ್ಟಬೇಡಿ. ಯಾರೂ ಬಾವಿಗೆ ಇಳಿಯಬೇಡಿ, ತಳದಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ಜೀವಕ್ಕೇ ಕುತ್ತು.

ಕಟ್ಟೆ ಮೂರರಿಂದ ನಾಲ್ಕು ಅಡಿ ಎತ್ತರ ಇರಲಿ. ನಮ್ಮ ಕಡೆ ಸೈಜುಗಲ್ಲಿಗೆ ಬರ ಇಲ್ಲ. ಅಷ್ಟು ಎತ್ತರವನ್ನು ಚಿರತೆ ಸಲೀಸಾಗಿ ಹಾರುತ್ತದಲ್ಲ ಅಂತ ಕೇಳುತ್ತಾರೆ. ಹಾರುತ್ತದೆ, ನಿಜ. ಆದರೆ ಯಾವ ಪ್ರಾಣಿಯೂ ಬೇಕೆಂದು ಬಾವಿಗೆ ಹಾರುವುದಿಲ್ಲ. ನಾಯಿಯನ್ನು ಅಟ್ಟಿಸಿಕೊಂಡು ಬಂದೋ, ಜನರ ಕೂಗಿಗೆ ಬೆದರಿ ಓಡುತ್ತಲೋ ಕತ್ತಲಲ್ಲಿ ಬೀಳುತ್ತದೆ. ಎದುರಿಗೆ ಗೋಡೆ ಕಂಡರೆ ಪಕ್ಕಕ್ಕೆ ತಿರುಗುತ್ತದೆ. ಕಟ್ಟೆಗೆ ದುಡ್ಡು ಹೊಂದದಿದ್ದರೆ ಕಲ್ಲುಕೂಚ ನೆಟ್ಟು ಚೈನ್‌ಲಿಂಕ್ ಬಲೆ ಬಿಗಿಯಿರಿ. ಅದೂ ಆಗದಿದ್ದರೆ ಈ ವರ್ಷಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿ, ಅದರ ಹೊರಗೆ ಒತ್ತಾಗಿ ಕತ್ತಾಳೆ ನೆಡಿ, ಕೆಲವು ವರ್ಷದಲ್ಲಿ ಅದೇ ಬೇಲಿಯಾಗುತ್ತದೆ. ಮುಳ್ಳುತಂತಿ ಬೇಡ, ಓಡಿಬಂದ ಪ್ರಾಣಿಯ ಮೈ ಸೀಳುತ್ತದೆ. ಕರೆಂಟು ಬಿಡುವುದಂತೂ ಕೊಲೆಯೇ.

ಕಟ್ಟೆ ಇದ್ದರೂ ಬೀಳುವುದು ಬಿದ್ದೇ ಬೀಳುತ್ತದೆ. ಹಾಗಾಗಿ ಹತ್ತಿ ಬರಲು ದಾರಿ ಬೇಕು. ಎರಡು ಗಟ್ಟಿ ಬಿದಿರಿಗೆ ಅಡಿಗೊಂದರಂತೆ ಅಡ್ಡಪಟ್ಟಿ ಕಟ್ಟಿ, ತಳ ಮುಟ್ಟುವ ಹಾಗೆ ಓರೆಯಾಗಿ ಇಳಿಬಿಡಿ. ಮೇಲಿನ ತುದಿ ಕಟ್ಟೆಯ ಅಂಚಿಗೆ ಬಂದು ಕೂರಬೇಕು. ಏಣಿಯ ಉದ್ದಕ್ಕೂ ತೆಂಗಿನ ನಾರಿನ ಹಗ್ಗ ಸುತ್ತಿದರೆ ಮುಂಗುಸಿ, ಉಡದಂಥ ಸಣ್ಣ ಪ್ರಾಣಿಗೂ ಉಗುರು ಹಿಡಿಯುತ್ತದೆ. ನೈಲಾನ್ ಹಗ್ಗ ಜಾರುತ್ತದೆ. ನೀರಿರುವ ಬಾವಿಯಾದರೆ ಒಣ ಮರದ ದಿಮ್ಮಿಯೊಂದನ್ನು ತೇಲಲು ಬಿಡಿ, ಬಿದ್ದ ಪ್ರಾಣಿ ಈಜಿ ಸುಸ್ತಾಗುವ ಮೊದಲು ಅದನ್ನು ಹಿಡಿದುಕೊಳ್ಳುತ್ತದೆ. ಕೋಲಾರದ ಕಡೆಯವರು ಇದನ್ನು ಮರೆಯಬಾರದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗೆ ಹರಿಯುತ್ತಿರುವುದರಿಂದ ಅಲ್ಲಿ ಬತ್ತಿದ್ದ ಬಾವಿಗಳಿಗೂ ನೀರು ಬಂದಿದೆ.

ಏಣಿಯ ಮೇಲೆ ನನಗೆ ನಂಬಿಕೆ ಬಂದಿದ್ದು ಪಕ್ಕದ ಹೊಲದ ಬಾವಿಗೆ ಕರಡಿ ಬಿದ್ದಾಗ. ಹೊತ್ತು ಮೂಡುವಷ್ಟರಲ್ಲಿ ಊರೇ ನೆರೆದಿತ್ತು. ಮೇಲೆ ಕೂಗು ಎದ್ದಾಗಲೆಲ್ಲ ಅದು ಗೋಡೆ ಕೆರೆದು, ಅರ್ಧ ಹತ್ತಿ, ಜಾರಿ ಬೀಳುತ್ತಿತ್ತು. ಅರಣ್ಯ ಇಲಾಖೆಯವರು ಬಂದು ಮಾಡಿದ ಮೊದಲ ಕೆಲಸ ಜನರನ್ನು ದೂರ ಕಳಿಸಿದ್ದು. ಎರಡು ಬಿದಿರು ಏಣಿ ಜೋಡಿಸಿ ಇಳಿಬಿಟ್ಟು ಅವರೂ ದೂರ ಸರಿದರು. ಕತ್ತಲಾದ ಮೇಲೆ ಕರಡಿ ತಾನಾಗಿ ಹತ್ತಿ ಹೋಯಿತು. ಬೆಳಿಗ್ಗೆ ನೋಡಿದರೆ ಬಿದಿರಿನ ಮೇಲೆ ಬುಡದಿಂದ ತುದಿತನಕ ಉಗುರಿನ ಗೀರು, ಅಡ್ಡಪಟ್ಟಿಗೆ ಕಪ್ಪು ಕೂದಲು ಅಂಟಿತ್ತು.

ನಿಮ್ಮ ಬಾವಿಗೆ ಏನಾದರೂ ಬಿದ್ದರೆ ಮೊದಲು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮುಳುಗುತ್ತಿದ್ದರೆ ಅವರು ಬರುವವರೆಗೆ ಕಾಯದೆ ದಿಮ್ಮಿಯನ್ನೋ ಹಗ್ಗ ಕಟ್ಟಿದ ಮಂಚವನ್ನೋ ನಿಧಾನವಾಗಿ ಇಳಿಸಿ, ಹಿಂದಕ್ಕೆ ಬನ್ನಿ. ನಾಯಿಗಳನ್ನು ಕಟ್ಟಿಹಾಕಿ. ಮೊಬೈಲ್ ಹಿಡಿದು ಅಂಚಿಗೆ ಬಗ್ಗುವ ಹುಡುಗರನ್ನು ಗದರಿಸಿ ಕಳಿಸಿ. ಕಲ್ಲು ಹೊಡೆಯಲು ಯಾರನ್ನೂ ಬಿಡಬೇಡಿ. ಕರಡಿ, ಚಿರತೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿವೆ ಅಂತ ಬಾಯಿಬಿಟ್ಟು ಹೇಳಿ.

ಕೋಳಿ ಅಂಗಡಿಯ ತ್ಯಾಜ್ಯವನ್ನು ಹಾಳುಬಾವಿಗೆ ಸುರಿಯುವುದು ಎಲ್ಲ ಊರಲ್ಲೂ ಇದೆ. ಅದರ ವಾಸನೆಗೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಇದನ್ನು ನಿಲ್ಲಿಸದೆ ಎಷ್ಟು ಎತ್ತರದ ಕಟ್ಟೆ ಕಟ್ಟಿದರೂ ಪ್ರಯೋಜನ ಇಲ್ಲ. ಸುರಿಯುವವರು ಯಾರೆಂದು ಊರಿಗೆ ಗೊತ್ತೇ ಇರುತ್ತದೆ, ಹೋಗಿ ಮುಖಾಮುಖಿ ಕೇಳಿ. ಕೇಳದಿದ್ದರೆ ಪಂಚಾಯಿತಿಗೆ ಅರ್ಜಿ ಕೊಡಿ. ನೀರು ಬಾರದ ಬೋರ್‌ವೆಲ್ ಇದ್ದರೆ ಅದರ ಕೇಸಿಂಗ್ ಬಾಯಿಗೂ ಇದೇ ಓಡಾಟದಲ್ಲಿ ಮುಚ್ಚಳ ಬಿಗಿಯಿರಿ.

ಮಳೆಗೆ ನಾರಿನ ಹಗ್ಗ ಕೊಳೆಯುತ್ತದೆ, ಬಿದಿರಿಗೆ ಹುಳ ಹಿಡಿಯುತ್ತದೆ. ದೀಪಾವಳಿ ಹೊತ್ತಿಗೆ ಒಮ್ಮೆ ಎಳೆದು ನೋಡಿ, ಬೇಕಾದ್ದು ಬದಲಿಸಿ. ನಮ್ಮ ನಾಲ್ಕು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ಈ ವರ್ಷ ಹಗ್ಗ ತರುವುದು ನಮ್ಮ ಭಾವನವರ ಮನೆಯ ಪಾಲಿನದು.