ಎಂಜಿನ್ ದೀಪ ಹತ್ತಿದಾಗ ಕನ್ವರ್ಟರ್ ಬದಲಿಸುವ ಮೊದಲು

ಪುಣೆಯಿಂದ ಬೆಳಗಾವಿಗೆ ಹೊರಟಿದ್ದೆ. ಖಂಬಾಟಕಿ ಘಾಟಿನ ಏರಿನಲ್ಲಿ ಕಾರಿನ ಹಳದಿ ಎಂಜಿನ್ ದೀಪ ಹತ್ತಿತು. ಮಿನುಗದೆ ಒಂದೇ ಸಮ ಉರಿಯುತ್ತಿದ್ದುದರಿಂದ ನಿಧಾನವಾಗಿ ಊರು ಸೇರಿದೆ. ಮಿನುಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಕಿಡಿ ತಪ್ಪಿ ಉಳಿದ ಪೆಟ್ರೋಲ್, ಹೊಗೆಯ ವಿಷ ಕಳೆಯುವ ಡಬ್ಬಿಯಾದ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದರೆ ಆ ಬಿಸಿಗೆ ಅಲ್ಲಿನ ಪಿಂಗಾಣಿ ಜಾಲರಿಯೇ ಕರಗಬಹುದು.

ಪುಣೆ ಪಕ್ಕದ ನಮ್ಮ ಚಿಂಚವಡಕ್ಕೆ ಮರಳಿದ ಮೇಲೆ ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ತೋರಿಸಿ, ಕನ್ವರ್ಟರ್ ಬದಲಿಸಬೇಕು ಎಂದರು. ಇನ್ನೊಬ್ಬರು ಜಾಲರಿ ಒಡೆದು ತೆಗೆದು ಖಾಲಿ ಡಬ್ಬಿಯನ್ನೇ ಕೂರಿಸಿಕೊಡುತ್ತೇನೆ ಎಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಜಾಲರಿಯೇ ಕಾರ್ಬನ್ ಮೊನಾಕ್ಸೈಡ್, ಉರಿಯದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡ್‌ಗಳ ವಿಷ ಮುರಿಯುವುದು. ಅದಿಲ್ಲದ ಕಾರು ಸಿಗ್ನಲ್ಲಿನಲ್ಲಿ ನಿಂತರೆ ಹಿಂದಿರುವ ಬೈಕಿನವರ ಮುಖಕ್ಕೇ ಅದೆಲ್ಲ ಬಡಿಯುತ್ತದೆ.

ನಮ್ಮ ಕಟ್ಟಡದಲ್ಲಿ ಗದಗ ಕಡೆಯ ಹಿರಿಯರೊಬ್ಬರಿದ್ದಾರೆ, ನಾನು ಕಾಕಾ ಎನ್ನುತ್ತೇನೆ. ಚಾಕಣದ ಕಾರ್ಖಾನೆಯೊಂದರಲ್ಲಿ ಎಂಜಿನ್ ಪರೀಕ್ಷೆಯ ಕೆಲಸ ಮಾಡಿ ನಿವೃತ್ತರಾದವರು. "ತಮ್ಮಾ, ಮೊದಲು ಸೋರಿಕೆ ನೋಡು. ಡಬ್ಬಿಯ ಮಾತು ಆಮೇಲೆ," ಎಂದರು.

ಕನ್ವರ್ಟರಿನ ಮುಂದೊಂದು, ಹಿಂದೊಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಸದಾ ಏರಿಳಿಯುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದು 0.6, 0.7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಿಂದಿನದೂ ಕುಣಿಯತೊಡಗಿದರೆ ಕಂಪ್ಯೂಟರ್ ಈ ಕೋಡ್ ಬರೆಯುತ್ತದೆ. ಆದರೆ ಹೊಗೆ ಕೊಳವೆಯ ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿದರೂ ಸೆನ್ಸರ್ ಹೀಗೆಯೇ ಮೋಸಹೋಗುತ್ತದೆ. ನನ್ನ ಮೊಬೈಲಿಗೆ ಜೋಡಿಸಿದ ರೀಡರಿನಲ್ಲಿ, ಐಡ್ಲಿಂಗಿನಲ್ಲಿ ಕುಣಿಯುತ್ತಿದ್ದ ಹಿಂದಿನ ಸೆನ್ಸರ್, ಎಂಜಿನ್ನನ್ನು 2500 ಆರ್‌ಪಿಎಂಗೆ ಏರಿಸಿದೊಡನೆ ಶಾಂತವಾಯಿತು. ಡಬ್ಬಿ ಸತ್ತಿದ್ದರೆ ಹಾಗೆ ಆಗುವುದು ಕಷ್ಟ. ನನ್ನ ಅನುಮಾನ ಸೋರಿಕೆಯ ಮೇಲೆ ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ಕಾರು ನಿಲ್ಲಿಸಿದೆ. ಮುಚ್ಚಿದ ಪಾರ್ಕಿಂಗಿನಲ್ಲಿ ಇದನ್ನು ಮಾಡಲೇಬಾರದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಕೊಳವೆಯ ಕೀಲುಗಳಿಗೆಲ್ಲ ಸಾಬೂನು ನೀರು ಚಿಮುಕಿಸಿದೆ. ಎಂಜಿನ್ ಚಾಲೂ ಮಾಡಿ, ಹಿಂದಿನ ಕೊಳವೆಯ ಬಾಯಿಗೆ ದಪ್ಪ ಬಟ್ಟೆಯನ್ನು ಕೆಲವೇ ಕ್ಷಣ ಅಡ್ಡ ಹಿಡಿಯಲು ಕಾಕಾ ಅವರನ್ನು ಕೇಳಿಕೊಂಡೆ. ಕನ್ವರ್ಟರಿನ ಮುಂದಿನ ಕೀಲಿನಲ್ಲಿ ಗುಳ್ಳೆ ಎದ್ದವು. ಬಾಗಿ ನೋಡಿದರೆ ಅಲ್ಲೇ ಮಸಿಯ ಕಪ್ಪು ಗೆರೆ.

ತುಕ್ಕು ಹಿಡಿದ ನಟ್ಟುಗಳಿಗೆ ಅಂದು ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹೊಡೆದಿಟ್ಟೆ. ಬಿಚ್ಚಿದಾಗ ಕೀಲಿನ ಸೋರಿಕೆ ತಡೆಯುವ ಗ್ಯಾಸ್ಕೆಟ್ ಒಂದು ಕಡೆ ಸುಟ್ಟು ಪುಡಿಯಾಗಿತ್ತು. ಹೊಸ ಗ್ಯಾಸ್ಕೆಟ್, ಹೊಸ ನಟ್ಟು ಹಾಕಿದೆ. ಸ್ಪಾರ್ಕ್ ಪ್ಲಗ್‌ಗಳ ಅವಧಿಯೂ ಮುಗಿದಿತ್ತು, ಬದಲಿಸಿದೆ.

ಕೋಡ್ ಅಳಿಸಿ, ಕನ್ವರ್ಟರ್ ಬಿಸಿಯೇರಲೆಂದು ನಿಗಡಿಯವರೆಗೆ ಓಡಿಸಿಕೊಂಡು ಹೊಗೆ ತಪಾಸಣೆಯ ಪಿಯುಸಿ ಕೇಂದ್ರಕ್ಕೆ ಹೋದೆ. ಸುಮಾರು 300 ಡಿಗ್ರಿ ಬಿಸಿಯಾಗುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಐಡ್ಲಿಂಗಿನಲ್ಲಿ ನನ್ನ ಬಿಎಸ್-4 ಕಾರಿಗೆ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇಕಡಾ 0.3. ಚೀಟಿಯಲ್ಲಿ ಬಂದದ್ದು 0.04. ಅದನ್ನು ಮೊದಲು ಕಾಕಾ ಅವರಿಗೇ ತೋರಿಸಿದೆ.